ಅಭ್ಯಾಸಕ್ಕೊಬ್ಬ ಪಾಪಿ

ಬೆಳಿಗ್ಗೆ ಒಂಬತ್ತು ಗಂಟೆಗೆ ಪೋಸ್ಟ್‌ಮಾಸ್ಟರರ ಕೈಗೆ ಬಂದ ಚೀಟಿಯಲ್ಲಿ ಅವರು ಮಾಡಿರಬೇಕಾದ ಪಾಪ ಒಂದೇ ಸಾಲಿನಲ್ಲಿತ್ತು: ‘ಕೆಲಸದ ಜಾಗದಿಂದ ಒಂದು ವಸ್ತು ಕದ್ದಿದ್ದೇನೆ.’ ಯಾವ ವಸ್ತು, ಯಾವಾಗ, ಯಾಕೆ, ಒಂದೂ ಇಲ್ಲ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ವಿಳಾಸ ಸರಿಯಿಲ್ಲದ ಕಾಗದ ಕಂಡರೆ ಮುಖ ಗಂಟಿಕ್ಕುತ್ತಿದ್ದ ಮನುಷ್ಯನಿಗೆ ಇಂಥ ಅರೆಬರೆ ಪಾಪ ಹಿಡಿಸಲಿಲ್ಲ. ಆ ದಿನ ಆದ ಫಜೀತಿಗೆಲ್ಲ ಮೂಲ ಇಷ್ಟೇ.

ಅದೊಂದು ಕ್ಯಾಥೊಲಿಕ್ ದೈವಶಾಸ್ತ್ರ ಕಾಲೇಜು. ಅಲ್ಲಿ ಸ್ನಾತಕೋತ್ತರ ಪದವಿಗೆ ಓದುವವರಲ್ಲಿ ಹೆಚ್ಚಿನವರು ಮುಂದೆ ಫಾದರ್ ಆಗುವವರು. ಫಾದರ್ ಆದಮೇಲೆ ಜನರ ಪಾಪನಿವೇದನೆ ಕೇಳಬೇಕು. ಕೇಳಿ, ಎರಡು ಬುದ್ಧಿಮಾತು ಹೇಳಿ, ಪ್ರಾಯಶ್ಚಿತ್ತ ವಿಧಿಸಿ, ಸಮಾಧಾನ ಮಾಡಿ ಕಳಿಸಬೇಕು. ಇದು ಪುಸ್ತಕ ಓದಿದರೆ ಬರುವ ವಿದ್ಯೆಯಲ್ಲ. ಆದ್ದರಿಂದ ಕೊನೆಯ ವರ್ಷದವರಿಗೆ ಒಂದು ಪ್ರಾಯೋಗಿಕ ಪರೀಕ್ಷೆ ಇತ್ತು. ಪರೀಕ್ಷೆಗೆಂದು ನಿಜವಾದ ಪಾಪಿಗಳನ್ನು ಹಿಡಿದು ತರುವ ಹಾಗಿಲ್ಲವಲ್ಲ. ಯಾರಾದರೊಬ್ಬರು ಚೀಟಿಯಲ್ಲಿ ಬರೆದ ಪಾಪವನ್ನು ತಾವೇ ಮಾಡಿದವರಂತೆ ಹೇಳಿಕೊಳ್ಳಬೇಕು.

ಈ ಸಲ ಆ ಪಾಲು ಪೋಸ್ಟ್‌ಮಾಸ್ಟರರಿಗೆ ಬಂದಿತ್ತು. ಅವರು ಫಾದರ್ ಆಗಲು ಬಂದವರಲ್ಲ. ಹೆಂಡತಿ, ಮದುವೆಯಾದ ಮಗಳು, ಮೊಣಕಾಲು ನೋವು ಎಲ್ಲವೂ ಇದ್ದ ಸಂಸಾರಸ್ಥರು. ನಿವೃತ್ತಿಯಾದ ಮೇಲೆ ದೊಡ್ಡಾಸ್ಪತ್ರೆಯಲ್ಲಿ ರೋಗಿಗಳ ಪಕ್ಕ ಕೂತು ಧೈರ್ಯ ಹೇಳುವ ಕೆಲಸಕ್ಕೆ ಸೇರಬೇಕೆಂದು ಅವರಿಗೆ ಮನಸ್ಸಾಯಿತು. ಅದಕ್ಕೆ ದೈವಶಾಸ್ತ್ರದ ಪದವಿ ಬೇಕೆಂದರು. ಸರಿ, ಮೊಮ್ಮಗುವನ್ನು ಆಡಿಸುವ ವಯಸ್ಸಿನಲ್ಲಿ ಹೆಗಲಿಗೆ ಬ್ಯಾಗು ಬಂತು. ಮೂರು ವರ್ಷ ಕಳೆಯಿತು. ಹೋದ ವರ್ಷ ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಬಾಯಿ ಒಣಗಿ ತಮ್ಮ ಹೆಸರು ಬಿಟ್ಟು ಬೇರೇನೂ ಹೇಳಲಾಗದೆ ಫೇಲಾದರು. ಅದೇ ಪರೀಕ್ಷೆ ಈ ದಿನ ಸಂಜೆ ನಾಲ್ಕಕ್ಕೆ ಮತ್ತೆ ಇತ್ತು. ನಾಳೆ ಬೆಳಿಗ್ಗೆ ಹತ್ತರೊಳಗೆ ಪಾಸಾದ ಕಾಗದ ತೋರಿಸದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಆಸ್ಪತ್ರೆಯವರು ಖಡಾಖಂಡಿತ ಹೇಳಿದ್ದರು.

“ನೀವು ಲೋಕ ಕಂಡವರು. ಪಾಪ ನಿಮಗೆ ಚೆನ್ನಾಗಿ ಬರುತ್ತೆ,” ಎಂದು ನೀತಿಶಾಸ್ತ್ರ ಕಲಿಸುವ ದೊಡ್ಡ ಫಾದರ್ ಚೀಟಿ ಕೊಟ್ಟಿದ್ದರು. ಅದು ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಪೋಸ್ಟ್‌ಮಾಸ್ಟರ್ ಥ್ಯಾಂಕ್ಸ್ ಹೇಳಿದ್ದರು.

ಪರೀಕ್ಷೆ ಕೊಡುವ ಆರು ಜನರಿಗೂ ದೊಡ್ಡ ಫಾದರ್ ಒಂದೇ ಎಚ್ಚರಿಕೆ ಕೊಟ್ಟರು. “ಇಲ್ಲಿ ಕೇಳಿದ್ದನ್ನ ಹೊರಗೆ ಉಸಿರೆತ್ತಿದವರು ಫೇಲ್. ಪರೀಕ್ಷೆ ಈ ಕೋಣೆಲೇ ಮುಗೀತು ಅಂದ್ಕೋಬೇಡಿ. ಸಂಜೆವರೆಗೂ ಯಾರ್ಯಾರನ್ನೋ ಕಳಿಸಿ ನಿಮ್ಮ ಬಾಯಿ ಬಿಡಿಸೋಕೆ ನೋಡ್ತೀನಿ. ಅತ್ತು ಕರೆದು ಕೇಳಬಹುದು, ಹೆದರಿಸಿ ಕೇಳಬಹುದು. ಬಾಯಿ ಬಿಟ್ಟರೆ ಕೆಟ್ಟಿರಿ.”

ಮೊದಲ ಐದು ಜನರ ಮುಂದೆ ಪೋಸ್ಟ್‌ಮಾಸ್ಟರ್ ಚೀಟಿಯಲ್ಲಿದ್ದಷ್ಟನ್ನೇ ಒಪ್ಪಿಸಿದರು. ಐವರೂ ‘ಇನ್ನು ಮುಂದೆ ಹಾಗೆ ಮಾಡಬೇಡಿ’ ಎಂದು ಹೇಳಿ ಕಳಿಸಿದರು. ಮೂಲೆಯಲ್ಲಿ ಕೂತಿದ್ದ ದೊಡ್ಡ ಫಾದರ್ ಅಷ್ಟೂ ಹೊತ್ತು ದವಡೆ ಹಿಡಿದುಕೊಂಡು ನರಳುತ್ತಿದ್ದರು. ಹಲ್ಲುನೋವು. ಐದನೆಯವನು ಎದ್ದು ಹೋಗುತ್ತಿದ್ದಂತೆ ಅವರೂ ಎದ್ದು, “ಇನ್ನು ತಡೆಯೋಕಾಗಲ್ಲ, ಕೀಳಿಸ್ಕೊಂಡೇ ಬರ್ತೀನಿ. ಕೊನೆಯವನಿಗೆ ನೀವೇ ಮಾರ್ಕ್ಸ್ ಹಾಕಿ,” ಎಂದು ಹೇಳಿ ಹಲ್ಲಿನ ಡಾಕ್ಟರ ಕಡೆಗೆ ಹೊರಟರು.

ಕೊನೆಯವನು ಒಬ್ಬ ಡೀಕನ್, ಅಂದರೆ ಫಾದರ್ ಆಗಲು ಇನ್ನೊಂದೇ ಮೆಟ್ಟಿಲು ಬಾಕಿ ಇದ್ದವನು. ಗೆಳೆಯರು ಅವನಿಗೆ ‘ಕಾನೂನು’ ಎಂದು ಹೆಸರಿಟ್ಟಿದ್ದರು. ಹುಲ್ಲಿನ ಮೇಲೆ ನಡೆಯಬಾರದು ಎಂಬ ಬೋರ್ಡಿದ್ದರೆ ಆ ಹುಲ್ಲಿನ ಕಡೆ ನೋಡುವುದಕ್ಕೂ ಅನುಮತಿ ಕೇಳುವ ಪೈಕಿ.

“ಬ್ರದರ್,” ಎಂದು ಪೋಸ್ಟ್‌ಮಾಸ್ಟರ್ ಮೆಲ್ಲಗೆ ಕೇಳಿದರು, “ಚೀಟೀಲಿ ಬರೀ ‘ವಸ್ತು’ ಅಂತ ಇದೆ. ನಿಮಗೂ ಬೇಜಾರು, ನನಗೂ ಬೇಜಾರು. ಸ್ವಲ್ಪ ಸೇರಿಸಿ ಹೇಳಲಾ? ಪುಸ್ತಕ ಅಂತ ಇಟ್ಕೊಳ್ಳೋಣ?”

“ನಿಮ್ಮಿಷ್ಟ ಸರ್.”

ಪೋಸ್ಟ್‌ಮಾಸ್ಟರರು ಗಂಟಲು ಸರಿಮಾಡಿಕೊಂಡು ಶುರುಹಚ್ಚಿಕೊಂಡರು. ಇದೇ ಕಾಲೇಜಿನ ಲೈಬ್ರರಿಯಿಂದ ಪುಸ್ತಕ ಕದ್ದೆ ಎಂದರು. ಯಾವ ಪುಸ್ತಕ ಎಂದು ಹೇಳಲು ಅವರ ತಲೆಗೆ ತಟ್ಟನೆ ಬಂದದ್ದು ನೀತಿಶಾಸ್ತ್ರದ ದೊಡ್ಡ ಗ್ರಂಥದ ಮೂರನೇ ಸಂಪುಟ. ಪರೀಕ್ಷೆಗೆ ಓದಿಕೊಳ್ಳೋಣ ಎಂದು ಹೋದ ವಾರ ಹುಡುಕಿದಾಗ ಅದರ ಜಾಗ ಖಾಲಿಯಿತ್ತು. ಆ ಖಾಲಿ ಜಾಗ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. “ನೀಲಿ ರಟ್ಟಿನ ಪುಸ್ತಕ. ಏಳನೇ ಶೆಲ್ಫು, ಮೇಲಿಂದ ಎರಡನೇ ಸಾಲು. ಲೈಬ್ರರಿ ಸಿಸ್ಟರ್ ಆ ಕಡೆ ತಿರುಗಿದಾಗ ಅಂಗಿ ಒಳಗೆ ಇಟ್ಕೊಂಡು ಬಂದೆ,” ಎನ್ನುವಾಗ ಅವರ ಧ್ವನಿ ತಾನಾಗಿ ಏರಿತು. ಕಣ್ಣು ಕೂಡ ಸ್ವಲ್ಪ ಒದ್ದೆಯಾಯಿತು. ಅಂಚೆ ಕಚೇರಿಯ ವಾರ್ಷಿಕೋತ್ಸವದಲ್ಲಿ ಒಂದು ಸಲವೂ ನಾಟಕದ ಪಾರ್ಟು ಸಿಗದಿದ್ದ ನೋವೆಲ್ಲ ಆ ಹತ್ತು ನಿಮಿಷದಲ್ಲಿ ತೀರಿತು.

ಕಾನೂನು ಗಂಭೀರವಾಗಿ ಕೇಳಿ ಗಟ್ಟಿ ಧ್ವನಿಯಲ್ಲಿ ತೀರ್ಪು ಕೊಟ್ಟ. “ಆ ಪುಸ್ತಕ ನಿಮ್ಮ ಕೈಯಾರೆ ವಾಪಸ್ ಕೊಡಬೇಕು. ಒಂದು ತಿಂಗಳು, ದಿನಾ ಸಂಜೆ ಒಂದು ಗಂಟೆ, ಅದೇ ಲೈಬ್ರರಿಯ ಶೆಲ್ಫುಗಳ ಧೂಳು ಒರೆಸಬೇಕು.”

ಎಂಥ ಹದವಾದ ಪ್ರಾಯಶ್ಚಿತ್ತ. ಪೋಸ್ಟ್‌ಮಾಸ್ಟರ್ ತಲೆದೂಗಿ ಹತ್ತಕ್ಕೆ ಹತ್ತು ಹಾಕಿದರು.

ಆದರೆ ಆ ಕೋಣೆ ಒಂದು ಕಾಲದಲ್ಲಿ ಲೈಬ್ರರಿಯದೇ ಭಾಗವಾಗಿತ್ತು. ನಡುವೆ ಇದ್ದದ್ದು ಸೂರಿಗೆ ಮುಟ್ಟದ ಒಂದು ಪ್ಲೈವುಡ್ ಗೋಡೆ. ಆ ಕಡೆ ಧೂಳು ಒರೆಸುವ ಬಟ್ಟೆ ಹಿಡಿದು ನಿಂತಿದ್ದವರು ಲೈಬ್ರರಿಯ ಸಿಸ್ಟರ್. ಮೆಲ್ಲಗೆ ಆಡಿದ ಮಾತು ಅವರಿಗೆ ಕೇಳಿಸಿರಲಿಲ್ಲ. ಜೋರಾಗಿ ಆಡಿದ್ದು ಒಂದಕ್ಷರ ಬಿಡದೆ ಕೇಳಿಸಿತ್ತು. ಅವರು ನೇರ ಏಳನೇ ಶೆಲ್ಫಿಗೆ ಹೋಗಿ ನೋಡಿದರು. ಎರಡನೇ ಸಾಲಿನಲ್ಲಿ ಹಲ್ಲು ಬಿದ್ದಂತೆ ಒಂದು ಸಂದು. ನೀಲಿ ಪುಸ್ತಕ ಇರಲಿಲ್ಲ.

ಈ ಸಿಸ್ಟರ್ ಬೇರೆ ಯಾರೋ ಆಗಿದ್ದರೆ ಮಾತು ಬೇರೆ. ಅವರು ಪೋಸ್ಟ್‌ಮಾಸ್ಟರರ ಹೆಂಡತಿಯ ಸ್ವಂತ ಅಕ್ಕ. ಪೋಸ್ಟ್‌ಮಾಸ್ಟರರಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದು ಅವರ ಒಂದು ಮಾತಿನಿಂದ. ಕಾಲೇಜಿನ ಗೇಟು ದಾಟಿದ ಮೇಲೆ ತಮ್ಮನ್ನು ‘ಅಕ್ಕ’ ಎನ್ನಬಾರದು ಎಂಬುದು ಅವರು ಹಾಕಿದ ಮೊದಲ ಷರತ್ತು.

ಬಾಗಿಲಲ್ಲಿ ನಿಂತ ಅವರನ್ನು ಕಂಡೊಡನೆ ಪೋಸ್ಟ್‌ಮಾಸ್ಟರ್, “ಏನಕ್ಕ, ಪರೀಕ್ಷೆ ನೋಡೋಕೆ ಬಂದ್ರಾ?” ಎಂದರು.

“ಸಿಸ್ಟರ್ ಅನ್ನಿ. ಪುಸ್ತಕ ಎಲ್ಲಿ?”

“ಯಾವ ಪುಸ್ತಕ?”

“ನನ್ನ ಬೆನ್ನ ಹಿಂದೆ ಅಂಗಿ ಒಳಗೆ ಇಟ್ಕೊಂಡು ಹೋದ ಪುಸ್ತಕ.”

ಪೋಸ್ಟ್‌ಮಾಸ್ಟರ್ ಮೊದಲು ನಕ್ಕರು. ನಗುತ್ತ ಚೀಟಿ ತೋರಿಸಿದರು. ಸಿಸ್ಟರ್ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, “ಇದರಲ್ಲಿ ನೀಲಿ ರಟ್ಟು ಎಲ್ಲಿದೆ? ಏಳನೇ ಶೆಲ್ಫು ಎಲ್ಲಿದೆ? ಅದು ಕಳೆದುಹೋಗಿದೆ ಅಂತ ನನಗೇ ಗೊತ್ತಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?” ಎಂದರು.

“ಹೋದ ವಾರ ಹುಡುಕಿದೆ, ಇರಲಿಲ್ಲ.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ನಿಮ್ಮ ಹತ್ತಿರ ಮಾತಾಡೋಕೆ ಹೆದರಿಕೆ ಸಿಸ್ಟರ್.”

ಇದು ಅಪ್ಪಟ ಸತ್ಯ. ಆದರೆ ಆಡಿದ ಸಮಯ ಒಳ್ಳೆಯದಲ್ಲ. ಸಿಸ್ಟರ್ ಅವರ ತೋಳು ಹಿಡಿಯಲಿಲ್ಲ ಅನ್ನುವುದೊಂದು ಬಿಟ್ಟರೆ, ಪೊಲೀಸರು ಕರೆದೊಯ್ಯುವ ರೀತಿಯಲ್ಲೇ ಡೀನ್ ಕೋಣೆಗೆ ಕರೆದೊಯ್ದರು.

ಡೀನ್ ಫಾದರ್ ದೊಡ್ಡ ಮೇಜಿನ ಹಿಂದೆ ಕೂತಿದ್ದರು. ಮೇಜು ಎಂದು ಊಹಿಸಿಕೊಳ್ಳಬೇಕು, ಅಷ್ಟೇ. ಮೇಲೆ ಉತ್ತರಪತ್ರಿಕೆ, ಫೈಲು, ಪುಸ್ತಕ, ಅವುಗಳ ನಡುವೆ ಕತ್ತು ಮಾತ್ರ ಕಾಣುವ ಒಂದು ಚಹಾ ಫ್ಲಾಸ್ಕು. ಎಲ್ಲವನ್ನೂ ಕೇಳಿ ಅವರು ಕನ್ನಡಕ ತೆಗೆದು ಒರೆಸಿದರು.

“ನೋಡಿ, ರಿಜಿಸ್ಟರ್‌ನಲ್ಲಿ ಬರೆಯದೆ ಪುಸ್ತಕ ಒಯ್ದವರಿಗೆ ಪದವಿ ಇಲ್ಲ ಅಂತ ನಾನೇ ನೋಟಿಸಿಗೆ ಸಹಿ ಹಾಕಿದ್ದೀನಿ. ಇನ್ನೊಬ್ಬರ ಪುಸ್ತಕ ಇಟ್ಕೊಂಡು ರಾತ್ರಿ ನಿದ್ದೆ ಹೇಗೆ ಬರುತ್ತೆ ಅನ್ನೋದೇ ನನಗೆ ಅರ್ಥ ಆಗಲ್ಲ.”

“ಫಾದರ್, ಅದು ನಾಟಕ. ಪುಸ್ತಕ ಅಂತ ನಾನು ಅಲ್ಲೇ, ಆ ಕ್ಷಣಕ್ಕೆ ಸೇರಿಸಿದ್ದು. ಡೀಕನ್‌ನ ಕೇಳಿ. ಅವರಿಗೆ ಹೇಳೇ ಶುರುಮಾಡಿದೆ.”

ಕಾನೂನನ್ನು ಕರೆಸಿದರು. ಅವನು ಬಂದು ಕೈಕಟ್ಟಿ ನಿಂತ. ಪೋಸ್ಟ್‌ಮಾಸ್ಟರ್ ಅವನನ್ನು ಕಂಡು ಹೋದ ಜೀವ ಬಂದವರಂತೆ ಮುಂದಕ್ಕೆ ಬಾಗಿದರು. “ಹೇಳಿ ಬ್ರದರ್, ನಾನು ಬೆಳಿಗ್ಗೆ ನಿಮಗೆ ಏನಂದೆ?”

ಕಾನೂನು ಡೀನ್ ಮುಖ ನೋಡಿದ, ಸಿಸ್ಟರ್ ಮುಖ ನೋಡಿದ, ಆಮೇಲೆ ಪೋಸ್ಟ್‌ಮಾಸ್ಟರರ ಮುಖ ನೋಡಿದ. ಅವನ ತುಟಿಯಂಚಿನಲ್ಲಿ ಸಣ್ಣ ನಗು ಮೂಡಿ ಮಾಯವಾಯಿತು. ಓಹೋ, ಬಾಯಿ ಬಿಡಿಸೋಕೆ ಡೀನ್ ಅವರನ್ನೇ ಹಿಡಿದಿದ್ದಾರೆ, ದೊಡ್ಡ ಫಾದರ್ ಸಾಮಾನ್ಯರಲ್ಲ, ಎಂದು ಅವನಿಗೆ ಅನಿಸಿದ್ದು ಆ ನಗುವಿನಲ್ಲೇ ಕಾಣುತ್ತಿತ್ತು.

“ಕ್ಷಮಿಸಿ ಫಾದರ್,” ಎಂದ. “ಇವರು ನನ್ನ ಹತ್ತಿರ ಬಂದಿದ್ದರೋ ಇಲ್ಲವೋ, ಬಂದಿದ್ದರೆ ಏನಾದರೂ ಹೇಳಿದರೋ ಇಲ್ಲವೋ, ನಾನು ಹೇಳಲಾರೆ.”

“ಇದು ಪರೀಕ್ಷೆ ಅಲ್ಲ ಬ್ರದರ್. ನಿಜವಾಗಿ ಕೇಳ್ತಿದ್ದೀನಿ,” ಎಂದರು ಪೋಸ್ಟ್‌ಮಾಸ್ಟರ್.

“ನಾನು ಹೇಳಲಾರೆ ಸರ್.”

ಡೀನ್ ಮೆಚ್ಚುಗೆಯಿಂದ ಅವನ ಬೆನ್ನು ತಟ್ಟಿ ಕಳಿಸಿದರು. ನಂತರ ಪೋಸ್ಟ್‌ಮಾಸ್ಟರರ ಕಡೆ ತಿರುಗಿದಾಗ ಆ ಮೆಚ್ಚುಗೆ ಮುಖದಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಅಷ್ಟು ಗಟ್ಟಿಯಾಗಿ ಬಾಯಿ ಮುಚ್ಚಿಕೊಳ್ಳಬೇಕಾದರೆ ಒಳಗೆ ಇರುವುದು ದೊಡ್ಡದೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ.

“ನಾಲ್ಕು ಗಂಟೆವರೆಗೆ ಸಮಯ ಕೊಡ್ತೀನಿ. ಪುಸ್ತಕ ತನ್ನಿ, ಕ್ಷಮಿಸೋಣ. ಇಲ್ಲ, ನೀವು ಕದ್ದಿಲ್ಲ ಅನ್ನೋದಕ್ಕೆ ಸಾಕ್ಷಿ ತನ್ನಿ. ಎರಡೂ ಆಗದಿದ್ದರೆ ಮೌಖಿಕ ಪರೀಕ್ಷೆ ಮುಂದಿನ ವರ್ಷ ನೋಡೋಣ.”

ಮುಂದಿನ ವರ್ಷ ಎಂಬ ಮಾತು ಕೇಳಿದ್ದೇ ಪೋಸ್ಟ್‌ಮಾಸ್ಟರ್ ಬಾಗಿಲಿಗೆ ಧಾವಿಸಿದರು. ಹೊರಗೆ ಬಂದು ದೊಡ್ಡ ಫಾದರಿಗೆ ಫೋನ್ ಮಾಡಿದರು. ಫೋನು ಪಕ್ಕದ ಕೋಣೆಯಲ್ಲೇ, ಅವರ ಮೇಜಿನ ಮೇಲೆ ರಿಂಗಾಯಿತು. ಯಾವ ಹಲ್ಲಿನ ಡಾಕ್ಟರು, ಯಾವ ಬೀದಿ, ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವರ ಫೋನೇ ಹೊಡೆದುಕೊಂಡಿತು. ಹೆಂಡತಿ.

“ರೀ, ಅಕ್ಕ ಫೋನ್ ಮಾಡಿದ್ಲು. ಎಲ್ಲಿಟ್ಟಿದ್ದೀರಿ ಅದನ್ನ? ಮಂಚದ ಕೆಳಗೆ ನೋಡಿದೆ, ಬೀರು ಮೇಲೆ ನೋಡಿದೆ, ಅಕ್ಕಿ ಡಬ್ಬಿನೂ ಬಗ್ಗಿಸಿ ನೋಡಿದೆ.”

“ನಾನು ಕದ್ದಿಲ್ಲ ಕಣೇ.”

“ಸರಿ, ಕದ್ದಿಲ್ಲ. ಮತ್ತೆ ಬೀರು ಹಿಂದೆ ಪೋಸ್ಟಾಫೀಸಿನ ಗೋಂದಿನ ಬಾಟಲಿ ಸಿಕ್ತಲ್ಲ, ಅದೇನು? ಮೊಹರು ಬೇರೆ ಒತ್ತಿದೆ ಅದರ ಮೇಲೆ.”

ಪೋಸ್ಟ್‌ಮಾಸ್ಟರ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಚಿತ್ರದ ಪುಸ್ತಕಕ್ಕೆಂದು ತಂದ ಗೋಂದು ಅದು. ನಾಳೆ ವಾಪಸ್ ಇಡೋಣ ಎಂದು ಇಪ್ಪತ್ತೆರಡು ವರ್ಷ ಆಗಿತ್ತು. ಕೆಲಸದ ಜಾಗದಿಂದ ಒಂದು ವಸ್ತು. ಬರೀ ಚೀಟಿಯಲ್ಲಿದ್ದಷ್ಟನ್ನು ಓದಿ ಸುಮ್ಮನಿದ್ದಿದ್ದರೆ ಅದು ನಾಟಕವಲ್ಲ, ನಿಜವಾದ ನಿವೇದನೆಯೇ ಆಗುತ್ತಿತ್ತಲ್ಲ ಎಂದು ಅವರಿಗೆ ಆಗ ಹೊಳೆಯಿತು.

ಊಟದ ಮನೆಗೆ ಹೋದರೆ ಸುದ್ದಿ ಅವರಿಗಿಂತ ಮೊದಲೇ ಬಂದು ಕೂತಿತ್ತು. ಬೇರೆ ಕಡೆಯಾಗಿದ್ದರೆ ಜನ ಕಳ್ಳ ಎಂದು ಬೈದು ಸುಮ್ಮನಾಗುತ್ತಿದ್ದರು. ಇಲ್ಲಿ ಎಲ್ಲರೂ ನೊಂದವರಿಗೆ ಸಾಂತ್ವನ ಹೇಳುವ ವಿದ್ಯೆ ಕಲಿಯುತ್ತಿದ್ದವರು, ಕೈಗೆ ಸಿಕ್ಕ ಅವಕಾಶ ಬಿಡುತ್ತಾರೆಯೇ. ಒಬ್ಬ ಬಂದು ಅವರ ಕೈ ಹಿಡಿದುಕೊಂಡ. ಇನ್ನೊಬ್ಬ, “ತಪ್ಪು ಒಪ್ಕೊಂಡ್ರೆ ಹಗುರಾಗುತ್ತೆ ಸರ್,” ಎಂದ. “ಮಾಡಿಲ್ಲಪ್ಪ,” ಎಂದರೆ, “ಮೊದಲು ಎಲ್ಲರೂ ಹಾಗೇ ಹೇಳೋದು, ಅದು ಸಹಜ,” ಎಂದು ನೋಟ್ಸಿನಲ್ಲಿದ್ದ ಹಾಗೆ ತಲೆಯಾಡಿಸಿದ. ಮೂರನೆಯವನು ಏನೂ ಮಾತಾಡದೆ ಹತ್ತು ನಿಮಿಷ ಪಕ್ಕದಲ್ಲಿ ಸುಮ್ಮನೆ ಕೂತು ಎದ್ದುಹೋದ. ಅದೂ ಸಿಲಬಸ್‌ನಲ್ಲಿತ್ತು. ಸಮಾಧಾನ ಮಾಡದೆ ಇದ್ದವರೆಂದರೆ ಅಡುಗೆಯವರೊಬ್ಬರೇ. ಅವರು ಪೋಸ್ಟ್‌ಮಾಸ್ಟರ್ ಎದ್ದ ಮೇಲೆ ಚಮಚ ಎಣಿಸಿದರು.

ಮೂರು ಗಂಟೆಗೆ ಅವರು ಕಾನೂನನ್ನು ಪ್ರಾರ್ಥನಾಮಂದಿರದ ಜಗಲಿಯಲ್ಲಿ ಹಿಡಿದರು.

“ಬ್ರದರ್, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಕೆಲಸ ಹೋಗುತ್ತೆ. ಆಸ್ಪತ್ರೆಯವರು ನಾಳೆ ಹತ್ತು ಗಂಟೆವರೆಗೆ ಮಾತ್ರ ಕಾಯ್ತಾರೆ. ಒಂದೇ ಒಂದು ಮಾತು ಹೇಳಿಬಿಡಿ.”

ಕಾನೂನು ಆಚೆ ಈಚೆ ನೋಡಿ ಅವರ ಕಿವಿಯ ಹತ್ತಿರ ಬಂದ. “ಸರ್, ನೀವು ತುಂಬ ಚೆನ್ನಾಗಿ ಮಾಡ್ತಿದ್ದೀರಿ. ಬೆಳಿಗ್ಗೆಗಿಂತ ಈಗ ಎಷ್ಟೋ ಸಹಜವಾಗಿ ಬರ್ತಿದೆ. ಕಣ್ಣಲ್ಲಿ ನೀರು ಬೇರೆ. ನನಗೇ ಒಂದು ಕ್ಷಣ ಹೇಳಿಬಿಡೋಣ ಅನ್ನಿಸ್ತು.”

“ಹೇಳಿಬಿಡಿ ಮತ್ತೆ.”

“ಅದೇ ನೋಡಿ, ಎಷ್ಟು ಚೆನ್ನಾಗಿ ಸಿಕ್ಕಿಹಾಕಿಸ್ತೀರಿ,” ಎಂದು ಅವನು ಕೈಮುಗಿದು ಹೊರಟುಹೋದ. ಪೋಸ್ಟ್‌ಮಾಸ್ಟರ್ ಜಗಲಿಯ ಮೆಟ್ಟಿಲ ಮೇಲೆ ಕುಸಿದರು. ಮೂರು ವರ್ಷದ ಓದು, ಕನ್ನಡಿ ಮುಂದೆ ನಿಂತು ಮಾಡಿದ ತಯಾರಿ, ‘ನಿಮ್ಮಪ್ಪ ಆಸ್ಪತ್ರೆಗೆ ಸೇರ್ತಾರೆ’ ಎಂದು ಹೆಂಡತಿ ಮಗಳಿಗೆ ಹೆಮ್ಮೆಯಿಂದ ಹೇಳಿಕೊಂಡದ್ದು, ಎಲ್ಲ ಒಂದು ನೀಲಿ ಪುಸ್ತಕದ ಜೊತೆ ಹೋಯಿತು ಎಂದು ಅವರಿಗೆ ನಿಜವಾಗಿ ಅಳು ಬಂತು. ಅತ್ತರೆ ಯಾರಾದರೂ ಬಂದು ಸಾಂತ್ವನ ಹೇಳಿಬಿಡುತ್ತಾರೆಂಬ ಭಯಕ್ಕೆ ಅದನ್ನೂ ನುಂಗಿಕೊಂಡರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಗೇಟಿನ ಮುಂದೆ ಆಟೋ ನಿಂತಿತು. ದೊಡ್ಡ ಫಾದರ್ ಇಳಿದರು. ಒಂದು ಕೆನ್ನೆ ಊದಿ ಎರಡರಷ್ಟಾಗಿತ್ತು. ಬಾಯಿ ತುಂಬ ಹತ್ತಿ. ಪೋಸ್ಟ್‌ಮಾಸ್ಟರ್ ಮೊಣಕಾಲು ನೋವು ಮರೆತು ಓಡಿಹೋಗಿ, ಅವರನ್ನು ಹೆಚ್ಚುಕಮ್ಮಿ ಎತ್ತಿಕೊಂಡೇ ಡೀನ್ ಕೋಣೆಗೆ ತಂದರು. ಹೇಗೂ ಮೌಖಿಕ ಪರೀಕ್ಷೆಗೆ ಡೀನ್ ಜೊತೆ ಕೂರಬೇಕಾದವರು ಅವರೇ.

“ಫಾದರ್, ಇವರು ಬೆಳಿಗ್ಗೆ ಹೇಳಿದ ಕಳ್ಳತನ ನೀವು ಕೊಟ್ಟಿದ್ದೋ, ಇವರದೋ?” ಎಂದು ಡೀನ್ ಕೇಳಿದರು.

“ಊಂ ಊಂ ಹಾ,” ಎಂದರು ದೊಡ್ಡ ಫಾದರ್.

“ಏನಂದ್ರಿ?”

ದೊಡ್ಡ ಫಾದರ್ ಗಾಳಿಯಲ್ಲಿ ಬರೆಯುವಂತೆ ಬೆರಳಾಡಿಸಿದರು. ಕಾಗದ ಬೇಕು. ಡೀನ್ ಮೇಜಿನ ಮೇಲೆ ಹುಡುಕಿದರು. ಖಾಲಿ ಹಾಳೆಯ ಕಟ್ಟು ಇದ್ದದ್ದು ರಾಶಿಯ ತಳದಲ್ಲಿ. ಉತ್ತರಪತ್ರಿಕೆ ಎತ್ತಿ ಪಕ್ಕಕ್ಕಿಟ್ಟರು, ಫೈಲು ಎತ್ತಿ ಪಕ್ಕಕ್ಕಿಟ್ಟರು, ಕೊನೆಗೆ ಚಹಾ ಫ್ಲಾಸ್ಕು ಎತ್ತಿದರು.

ಫ್ಲಾಸ್ಕಿನ ಕೆಳಗೆ ಒಂದು ದಪ್ಪ ಪುಸ್ತಕವಿತ್ತು. ನೀಲಿ ರಟ್ಟು. ರಟ್ಟಿನ ಮೇಲೆ ಫ್ಲಾಸ್ಕಿನ ತಳದಷ್ಟೇ ಅಗಲದ ಚಹಾದ ಉಂಗುರ. ಬೆನ್ನ ಮೇಲೆ ಬಿಳಿ ಅಂಕೆಯಲ್ಲಿ ಮೂರು.

ದೊಡ್ಡ ಫಾದರ್ ಕನ್ನಡಿಯ ಕಡೆ ತಿರುಗಿ ಕೆನ್ನೆ ನೋಡಿಕೊಳ್ಳುತ್ತಿದ್ದರು. ಪುಸ್ತಕವನ್ನು ಕಂಡವರು ಇಬ್ಬರೇ. ಡೀನ್ ಪೋಸ್ಟ್‌ಮಾಸ್ಟರರನ್ನು ನೋಡಿದರು. ಪೋಸ್ಟ್‌ಮಾಸ್ಟರ್ ಡೀನ್‌ರನ್ನು ನೋಡಿದರು. ನಂತರ ಡೀನ್ ಬಹಳ ಮೆಲ್ಲಗೆ, ನಿದ್ದೆ ಹೋದ ಮಗುವಿನ ಮೇಲೆ ಹೊದಿಕೆ ಎಳೆಯುವ ಹಾಗೆ, ಫ್ಲಾಸ್ಕನ್ನು ಮತ್ತೆ ಅಲ್ಲೇ ಇಟ್ಟರು.

“ಕಾಗದ ಬೇಡ ಬಿಡಿ ಫಾದರ್,” ಎಂದರು. ಅವರ ಕಿವಿಗಳು ಕೆಂಪಾಗಿದ್ದವು. “ಇವರ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿದೆ. ಪರೀಕ್ಷೆ ಶುರು ಮಾಡೋಣ.”

ದೊಡ್ಡ ಫಾದರ್ ಪ್ರಶ್ನೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ತಾವು ಮೊದಲೇ ಬರೆದಿಟ್ಟಿದ್ದ ಪಟ್ಟಿಯನ್ನು ಮುಂದಕ್ಕೆ ತಳ್ಳಿದರು. ಡೀನ್ ಮೊದಲನೆಯದನ್ನು ಓದಿದರು: “ಕದ್ದ ವಸ್ತುವನ್ನು ಹಿಂದಿರುಗಿಸುವ ಹೊಣೆ ಯಾರದು? ವಿವರಿಸಿ.”

ಪೋಸ್ಟ್‌ಮಾಸ್ಟರರ ಬಾಯಿ ಒಣಗಲಿಲ್ಲ. ಬೆಳಗ್ಗಿನಿಂದ ಬೇರೆ ಯಾವ ವಿಷಯ ತಲೆಯಲ್ಲಿತ್ತು ಹೇಳಿ. ಬೇಕೆಂದು ಕದ್ದವನ ಹೊಣೆ, ಮರೆತು ಇಟ್ಟುಕೊಂಡವನ ಹೊಣೆ, ಗೊತ್ತಿದ್ದೂ ಸುಮ್ಮನಿದ್ದವನ ಹೊಣೆ, ತಪ್ಪಿಲ್ಲದವನ ಮೇಲೆ ಅಪವಾದ ಬಂದರೆ ಅವನ ಹೆಸರನ್ನು ಸರಿಪಡಿಸುವ ಹೊಣೆ, ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದರು. ಮರೆತು ಇಟ್ಟುಕೊಂಡವನ ವಿಷಯ ಬಂದಾಗ ಡೀನ್ ಎರಡು ಸಲ ನೀರು ಕುಡಿದರು. ದೊಡ್ಡ ಫಾದರ್ ಮಾತ್ರ ಊದಿದ ಕೆನ್ನೆಯಲ್ಲೇ ನಗುತ್ತ ಹೆಬ್ಬೆರಳೆತ್ತಿ ತೋರಿಸಿ, ಮಾರ್ಕ್ಸ್ ಬರೆದು, ಗುಳಿಗೆ ನುಂಗಲು ತಮ್ಮ ಕೋಣೆಗೆ ಹೋದರು.

ಪಾಸಾದ ಕಾಗದಕ್ಕೆ ಸಹಿ ಬಿತ್ತು, ಮೊಹರು ಬಿತ್ತು. ಅದನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡಾಗ ಪೋಸ್ಟ್‌ಮಾಸ್ಟರರಿಗೆ ಎದೆಯ ಮೇಲಿಂದ ಒಂದು ಅಂಚೆ ಮೂಟೆ ಇಳಿದಂತಾಯಿತು. ಒಂದು ವರ್ಷದಿಂದ ಸರಿಯಾಗಿ ಹೊರಗೆ ಬಾರದಿದ್ದ ಉಸಿರು ಆಗ ಬಂತು.

“ಒಂದು ನಿಮಿಷ,” ಎಂದರು ಡೀನ್. ಎದ್ದು ಹೋಗಿ ಬಾಗಿಲು ಹಾಕಿದರು. “ಇದು ಷರತ್ತಲ್ಲ. ಕಾಗದ ನಿಮ್ಮ ಜೇಬಿನಲ್ಲಿದೆ, ಅದನ್ನ ಯಾರೂ ವಾಪಸ್ ಕೇಳಲ್ಲ. ಆರು ತಿಂಗಳ ಹಿಂದೆ ಭಾನುವಾರ, ಲೈಬ್ರರೀಲಿ ಯಾರೂ ಇರಲಿಲ್ಲ, ನಾಳೆ ಬರೆದರಾಯ್ತು ಅಂತ ತಂದೆ. ಆಮೇಲೆ ಅದರ ಮೇಲೆ ಫ್ಲಾಸ್ಕು ಬಂತು.”

“ನಾಳೆ ಅಂದ್ಕೊಂಡ್ರೆ ಹಾಗೇ ಆಗೋದು ಫಾದರ್,” ಎಂದರು ಪೋಸ್ಟ್‌ಮಾಸ್ಟರ್. ಅವರಿಗೆ ಗೋಂದಿನ ಬಾಟಲಿ ನೆನಪಾಗಿತ್ತು.

“ಆ ನೋಟಿಸಿಗೆ ಸಹಿ ಹಾಕಿದೋನು ನಾನು. ಬೆಳಿಗ್ಗೆ ಸಿಸ್ಟರ್ ಎದುರು ನಿದ್ದೆ ಹೇಗೆ ಬರುತ್ತೆ ಅಂತ ಬೇರೆ ಕೇಳಿದೆ. ಈಗ ಇದನ್ನ ಹಿಡ್ಕೊಂಡು ಆಕೆ ಮುಂದೆ ಹೋಗಿ ನಿಲ್ಲೋಕೆ ನನಗೆ ಧೈರ್ಯ ಇಲ್ಲ. ಗುಟ್ಟಾಗಿ ಇಟ್ಟು ಬರೋಣ ಅಂದ್ರೆ ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ.” ಡೀನ್ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. “ಆಕೆ ಹೇಗೂ ನೀವೇ ಅಂದ್ಕೊಂಡಿದ್ದಾರೆ. ವಾಪಸ್ ಕೊಟ್ಟರೆ ಕ್ಷಮಿಸ್ತೀವಿ ಅಂತ ನಾನೂ ಹೇಳಿಬಿಟ್ಟಿದ್ದೀನಿ. ಸಮಯ ನೋಡಿ ನಾನೇ ಆಕೆಗೆ ನಿಜ ಹೇಳ್ತೀನಿ. ಮುಂದಿನ ವರ್ಷ ಆಕೆ ರಿಟೈರ್ ಆಗ್ತಾರೆ.”

ಪೋಸ್ಟ್‌ಮಾಸ್ಟರ್ ರಟ್ಟಿನ ಮೇಲಿನ ಚಹಾದ ಉಂಗುರ ನೋಡಿದರು.

“ನಾಳೆಯಿಂದ ಆಸ್ಪತ್ರೇಲಿ ಎಷ್ಟೋ ಜನರ ಗುಟ್ಟು ಕೇಳ್ತೀರಿ,” ಎಂದರು ಡೀನ್. “ಯಾವುದನ್ನೂ ಹೊರಗೆ ಹೇಳೋ ಹಾಗಿಲ್ಲ. ಇದೇ ಮೊದಲನೇದು ಅಂತ ಇಟ್ಕೊಳ್ಳಿ.”

ಜೇಬಿನಲ್ಲಿ ಆ ಕಾಗದವಿದ್ದ ಹೊತ್ತಿನಲ್ಲಿ ಲೈಬ್ರರಿಯನ್ನೇ ಹೊತ್ತುಕೊಂಡು ಹೋಗಿ ಎಂದಿದ್ದರೂ ಪೋಸ್ಟ್‌ಮಾಸ್ಟರ್ ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕದಾಗಿ ನಿಂತದ್ದು ಅವರಿಗೆ ನೋಡಲಾಗಲಿಲ್ಲ. ಪುಸ್ತಕ ತೆಗೆದುಕೊಂಡರು. ಕಾರಿಡಾರಿನಲ್ಲಿ ನಡೆಯುತ್ತ ಹೆಂಡತಿಗೆ ಫೋನ್ ಮಾಡಿದರು.

“ಪಾಸಾದೆ ಕಣೇ.”

ಆ ಕಡೆ ಮೂಗೇರಿಸಿದ ಸದ್ದು. “ದೇವರು ದೊಡ್ಡವನು ರೀ. ಪುಸ್ತಕ ಸಿಕ್ತಾ?”

“ಸಿಕ್ತು.”

“ಎಲ್ಲಿತ್ತು?”

ಪೋಸ್ಟ್‌ಮಾಸ್ಟರ್ ಬಾಯಿ ತೆರೆದು, ಮುಚ್ಚಿ, “ಅದನ್ನ ಹೇಳೋ ಹಾಗಿಲ್ಲ,” ಎಂದರು.

“ನಾನೇನೂ ಕೇಳಲ್ಲ ಬಿಡಿ,” ಎಂದು ಹೆಂಡತಿ ತುಂಬ ಮೃದುವಾಗಿ ಹೇಳಿದಳು. “ಆದದ್ದು ಆಯ್ತು. ನಾಳೆ ಆಸ್ಪತ್ರೆಗೆ ಹೋಗೋ ದಾರೀಲಿ ಪೋಸ್ಟಾಫೀಸಿಗೂ ಹೋಗಿ, ಆ ಗೋಂದಿನ ಬಾಟಲೀನೂ ಕೊಟ್ಟುಬಿಡಿ.”

ಲೈಬ್ರರಿಯ ಬಾಗಿಲಲ್ಲಿ ಸಿಸ್ಟರ್ ಕುರ್ಚಿಯಿಂದ ಏಳಲಿಲ್ಲ. ಪುಸ್ತಕ ಇಸಿದುಕೊಂಡು, ಹಾಳೆ ತಿರುಗಿಸಿ ನೋಡಿ, ರಟ್ಟಿನ ಮೇಲಿನ ಚಹಾದ ಉಂಗುರದ ಮೇಲೆ ಬೆರಳಾಡಿಸಿದರು.

“ಕದ್ದಿದ್ದಲ್ಲದೆ ಇದರ ಮೇಲೆ ಚಹಾ ಬೇರೆ ಕುಡಿದಿದ್ದೀರಿ.”

“ತಪ್ಪಾಯ್ತು ಸಿಸ್ಟರ್.”

ಈ ಮಾತು ಬೆಳಿಗ್ಗೆಯಷ್ಟು ಸೊಗಸಾಗಿ ಬರಲಿಲ್ಲ. ಆದರೂ ಸಿಸ್ಟರ್ ಮುಖದ ಗಂಟು ಸ್ವಲ್ಪ ಸಡಿಲವಾಯಿತು. ತಂಗಿಯ ಗಂಡ ಕೊನೆಗೂ ಸತ್ಯದ ದಾರಿಗೆ ಬಂದನಲ್ಲ ಎಂಬ ಸಮಾಧಾನ ಇರಬೇಕು. ಅವರು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಹೆಗಲ ಮೇಲಿದ್ದ ಧೂಳು ಒರೆಸುವ ಬಟ್ಟೆ ತೆಗೆದು ಚಾಚಿದರು.

“ಇದೇನು ಸಿಸ್ಟರ್?”

“ಆ ಡೀಕನ್ ಕೊಟ್ಟ ಪ್ರಾಯಶ್ಚಿತ್ತ. ಅದೂ ನನಗೆ ಕೇಳಿಸಿದೆ. ಒಂದು ತಿಂಗಳು, ದಿನಾ ಸಂಜೆ ಒಂದು ಗಂಟೆ. ಆಸ್ಪತ್ರೆ ಕೆಲಸ ನಾಲ್ಕೂವರೆಗೆ ಮುಗಿಯುತ್ತೆ, ವಿಚಾರಿಸಿದ್ದೀನಿ. ಏಳನೇ ಶೆಲ್ಫಿಂದ ಶುರುಮಾಡಿ.”

ಪೋಸ್ಟ್‌ಮಾಸ್ಟರ್ ಬಟ್ಟೆ ತೆಗೆದುಕೊಂಡರು. ಹತ್ತಕ್ಕೆ ಹತ್ತು ಹಾಕಿದ್ದು ತಾವೇ, ಇನ್ನು ದೂರಿ ಫಲವಿಲ್ಲ. ಏಣಿಯ ಎರಡನೇ ಮೆಟ್ಟಿಲು ಹತ್ತಿ, ಜೇಬಿನ ಕಾಗದ ಅಲ್ಲೇ ಇದೆಯೇ ಎಂದು ಒಮ್ಮೆ ಮುಟ್ಟಿ ನೋಡಿಕೊಂಡು, ಒರೆಸತೊಡಗಿದರು. ಸಂಜೆಯ ಬಿಸಿಲಿನಲ್ಲಿ ಧೂಳು ಏಳುತ್ತಿತ್ತು. ಮನಸ್ಸು ಮಾತ್ರ ಹಗುರಾಗಿತ್ತು.

ಕಿಟಕಿಯ ಆಚೆ ಯಾರೋ ನಿಂತಂತಾಯಿತು. ಕಾನೂನು. ಏಣಿ, ಬಟ್ಟೆ, ಧೂಳು ಹಿಡಿದ ತಲೆ, ಎಲ್ಲವನ್ನೂ ಅವನು ಅಚ್ಚರಿಯಿಂದ ನೋಡಿದ. ಆಮೇಲೆ ಸರಳಿನ ಹತ್ತಿರ ಬಾಯಿ ತಂದು ಪಿಸುಗುಟ್ಟಿದ.

“ಸರ್, ಪರೀಕ್ಷೆ ಇನ್ನೂ ಮುಗಿದಿಲ್ವಾ?”

ಪೋಸ್ಟ್‌ಮಾಸ್ಟರ್ ಬಾಗಿಲ ಕಡೆ ನೋಡಿದರು. ಸಿಸ್ಟರ್ ಕಿವಿ ನೆಟ್ಟಗಾಗಿತ್ತು. ಪೋಸ್ಟ್‌ಮಾಸ್ಟರ್ ಮತ್ತೆ ಶೆಲ್ಫಿನ ಕಡೆ ತಿರುಗಿದರು.

“ಮುಗಿದಿದೆಯೋ ಇಲ್ಲವೋ ಬ್ರದರ್,” ಎಂದರು, “ನಾನು ಹೇಳಲಾರೆ.”